ಬಿಸಿಲಿಗೆ ಬಾರದ ಬೆಳೆ

ಅವರ ಸಂತಾಪ ಸಭೆಯಲ್ಲಿ ಮಾತನಾಡಿದವರೆಲ್ಲ ಒಂದೇ ಮಾತು ಹೇಳಿದರು. ಈ ಊರಿನ ಮೇಲಿನ ಪ್ರೀತಿಗಾಗಿ ಮುಂಬೈಯ ಸಂಶೋಧನೆಯನ್ನೇ ಬಿಟ್ಟುಕೊಟ್ಟ ತ್ಯಾಗಿ ಎಂದು ಪ್ರಾಚಾರ್ಯರು ಶುರು ಮಾಡಿದರು. ಆಮೇಲೆ ಬಂದವರು ಅದನ್ನೇ ಹಿಡಿದುಕೊಂಡರು. ನಾನು ಹಿಂದಿನ ಸಾಲಿನಲ್ಲಿ ಗೋಡೆಗೆ ಆತು ಕೂತಿದ್ದೆ. ಎದ್ದು ನಿಂತು ಅದು ಸುಳ್ಳು ಅನ್ನಬೇಕೆನ್ನಿಸಿತು. ಅನ್ನಲಿಲ್ಲ. ಇಷ್ಟು ವರ್ಷ ಮಾಸ್ತರಿಕೆ ಮಾಡಿದ ಮೇಲೆ ಸಭೆಯಲ್ಲಿ ಎದ್ದು ನಿಲ್ಲುವ ಹುರುಪು ಯಾರಿಗೆ ಉಳಿದಿರುತ್ತದೆ? ಚಹಾ ಕುಡಿದು ಮನೆಗೆ ಬಂದೆ.

ಊರಿನ ಮೇಲೆ ಅವರಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ನಳ ಯಾವಾಗ ಬಂದೀತೋ ದೇವರೇ ಬಲ್ಲ ಅನ್ನುವಂಥ ಊರು, ಮೇಲೆ ಈ ಬಿಸಿಲು, ಈ ಧೂಳು. ಪ್ರೀತಿ ಎಲ್ಲಿಂದ ಬರಬೇಕು? ಅವರು ವರ್ಷಗಟ್ಟಲೆ ಮುಂಬೈಯ ಹಾದಿ ಕಾಯುತ್ತ ಕೂತವರು. ಕೊನೆಗೆ ಬಾಗಿಲು ತೆರೆದಾಗ ಯಾಕೆ ಹೋಗಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಮತ್ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಆ ತಿಳಿವಳಿಕೆಯೂ ತಪ್ಪು ಎಂದು ಹೋದ ತಿಂಗಳು ತಿಳಿಯಿತು. ಅವರ ಹೆಂಡತಿಯನ್ನು ನಾನು ವೈನಿ ಎಂದು ಕರೆಯುತ್ತೇನೆ. "ಬರೀರಿ ಮಾಸ್ತರ. ಬರದ್ರ ಇನ್ನೇನ ಆಗೂದೈತಿ? ಅವರ ಹೆಸರ ಒಂದ ಬ್ಯಾಡ" ಎಂದರು ವೈನಿ. ಅದಕ್ಕೇ ಹೆಸರಿಲ್ಲದೆ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದಲ್ಲಿ ನಾವಿಬ್ಬರೂ ಗದಗಿಗೆ ಹತ್ತಿದ ಬೆಟಗೇರಿಯ ಒಂದೇ ವಾಡೆಯಲ್ಲಿ ಬಾಡಿಗೆಗೆ ಇದ್ದೆವು. ಅವರು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು, ನಾನು ಇತಿಹಾಸ. ಎಲ್ಲರಿಗೂ ಅವರು ಸರ್, ನನಗೂ. ನಡುವೆ ಒಂದು ಗೋಡೆ, ಗೋಡೆಗೆ ಒಂದು ಕಿಡಕಿ. ಉಪ್ಪು, ಬೆಂಕಿಪೆಟ್ಟಿಗೆ, ಪೇಪರು ಎಲ್ಲ ಆ ಕಿಡಕಿಯಲ್ಲೇ ದಾಟುತ್ತಿದ್ದವು. ಅವರು ಉದ್ದನೆಯ ಆಳು, ಬೆನ್ನು ಸ್ವಲ್ಪ ಬಾಗಿತ್ತು. ದಣಿಯದ ಮುಖದಲ್ಲಿ ನಾನು ಅವರನ್ನು ನೋಡಿದ್ದೇ ಕಡಿಮೆ. ಬೆಳಿಗ್ಗೆ ಏಳುವಾಗಲೇ ದಣಿದು ಏಳುತ್ತಿದ್ದರು. ಯಾರು ಏನೇ ಅವಸರ ಮಾಡಿದರೂ "ನೋಡೂಣು ತಗೋರಿ, ಓಡಿ ಹೋಗಿ ಏನ್ ಮಾಡೂದೈತಿ" ಅನ್ನುವುದು ಅವರ ಮಾತು.

ಅವರಿಗೊಂದು ವಿಚಿತ್ರ ರೂಢಿಯಿತ್ತು. ಕೈಗೆ ಬಂದ ಯಾವ ಗ್ಲಾಸನ್ನಾದರೂ ಮೊದಲು ಬೆಳಕಿಗೆ ಹಿಡಿಯುವುದು. ನೀರಾಗಲಿ, ಮಜ್ಜಿಗೆಯಾಗಲಿ, ಬೀಗರ ಮನೆಯ ಪಾನಕವಾಗಲಿ, ಬಾಗಿಲ ಕಡೆ ತಿರುಗಿ ಎತ್ತಿ ಹಿಡಿದು ಒಂದು ಕ್ಷಣ ನೋಡಿಯೇ ಕುಡಿಯುತ್ತಿದ್ದರು. ಬಸ್ ಸ್ಟ್ಯಾಂಡಿನ ಹೋಟೆಲಿನವನಿಗೆ ಇದು ಅಪಮಾನ.

"ಯಾಕ್ರಿ ಸರ, ದಿನಾ ನೋಡ್ತೀರಿ. ನಮ್ಮ ಚಹಾದಾಗ ನೊಣ ಬೀಳತಾವ ಅಂತ ಅನುಮಾನ ಏನ್ರಿ?"

"ನೊಣ ಅಲ್ಲೋ ಮಾರಾಯಾ. ಚಹಾ ತಿಳಿ ಆಗೂದಿಲ್ಲ ಅಂತ ಗೊತ್ತೈತಿ. ಆದ್ರೂ ಕೈ ಕೇಳೂದಿಲ್ಲ."

ಇದರ ಅರ್ಥ ಅವನಿಗಷ್ಟೇ ಅಲ್ಲ, ನನಗೂ ಆಗಿರಲಿಲ್ಲ. ಆಮೇಲೆ ಒಂದು ದಿನ ಅವರೇ ತೋರಿಸಿದರು. ಬೇಳೆಯ ಕಟ್ಟಿನಂಥ ತಿಳಿನೀರಿನಲ್ಲಿ ಬ್ಯಾಕ್ಟೀರಿಯಾ ಬಿಟ್ಟರೆ ಅದು ಬೆಳೆದು ನೀರು ರಾಡಿಯಾಗುತ್ತದೆ. ಆ ರಾಡಿಗೆ ಒಂದು ಹನಿ ವೈರಸ್ ಬಿಟ್ಟರೆ ವೈರಸ್ ಬ್ಯಾಕ್ಟೀರಿಯಾವನ್ನು ಒಡೆದು ಹಾಕಿ, ನೀರು ಮತ್ತೆ ತಿಳಿಯಾಗುತ್ತದೆ. ಮನುಷ್ಯನಿಗೆ ರೋಗ ತರುವ ವೈರಸ್ ಅಲ್ಲ ಇದು. ಬ್ಯಾಕ್ಟೀರಿಯಾಕ್ಕೇ ರೋಗ ತರುವಂಥದ್ದು. ಮುಂಬೈಯ ಪ್ರಯೋಗಶಾಲೆಯಲ್ಲಿದ್ದಷ್ಟು ವರ್ಷವೂ ಅವರು ಬೆಳಿಗ್ಗೆ ಎದ್ದು ಮಾಡಿದ ಮೊದಲ ಕೆಲಸ ಕೊಳವೆಗಳನ್ನು ಕಿಡಕಿಗೆ ಹಿಡಿದು ತಿಳಿಯಾಯಿತೋ ಇಲ್ಲವೋ ನೋಡುವುದು. ಕೆಲಸ ಬಿಟ್ಟು ಬಂದರು, ಕೈ ಮಾತ್ರ ಬಿಡಲಿಲ್ಲ.

ಇತಿಹಾಸದವನಾದ ನನಗೆ ಅವರ ವಿಷಯ ತಲೆಗೆ ಹತ್ತಿದ್ದು ಓಣಿಯ ಮಗ್ಗದಿಂದ. ಸಂಜೆ ಕಟ್ಟೆಯ ಮೇಲೆ ಕೂತಿದ್ದೆವು. ಎದುರು ಮನೆಯಲ್ಲಿ ಮಗ್ಗ ಬಡಿಯುತ್ತಿತ್ತು. ಇಷ್ಟು ಓದಿದವರು ಹೋಗಿ ಹೋಗಿ ಕಣ್ಣಿಗೆ ಕಾಣದ ಹುಳಕ್ಕೆ ಯಾಕೆ ಗಂಟು ಬಿದ್ದಿರಿ ಎಂದು ಕೆಣಕಿದೆ.

"ನೋಡ್ರಿ ಹಿಸ್ಟರಿ ಮಾಸ್ತರ, ಡಿಎನ್‌ಎ ಅಂದ್ರ ಒಂದ ಉದ್ದಾನ ನೂಲ ಅಂತ ತಿಳೀರಿ. ಅದನ್ನ ನಕಲ ಮಾಡಾಕ ಒಂದ ಎಂಜೈಮು, ಕಡಿಯಾಕ ಒಂದು, ಕಡದದ್ದನ್ನ ಕೂಡಸಾಕ ಒಂದು. ಯಾರ್ಯಾರು ಏನೇನ ಕೆಲಸ ಮಾಡತಾರ ಅಂತ ಹ್ಯಾಂಗ ತಿಳ್ಕೊಳ್ಳೂದು? ಕಣ್ಣಿಗಂತೂ ಕಾಣೂದಿಲ್ಲ."

"ನೀವ ಹೇಳ್ರಿ."

"ಒಬ್ಬಾಂವ ಕೆಲಸಕ್ಕ ಬರಲಿಲ್ಲ ಅಂದ್ರ ಯಾವ ಕೆಲಸ ನಿಂತತಿ ಅಂತ ನೋಡೂದು. ಆ ಮಗ್ಗದ ಮನ್ಯಾಗ ಲಾಳಿಗೆ ಹಾಕೂ ನೂಲಿನ ಕಂಡಕಿ ಸುತ್ತಾಕಿ ಒಂದ ದಿನ ಬರಲಿಲ್ಲ ಅನ್ರಿ, ಲಾಳ್ಯಾಗ ನೂಲ ಇರೂದಿಲ್ಲ, ಮಗ್ಗ ನಿಲ್ಲತೈತಿ. ಆಗ ಗೊತ್ತಾತಲ್ಲ, ಆಕಿ ಕೆಲಸ ಏನಂತ."

"ಅದನ್ನ ನಮ್ಮ ಮೈಯಾಗ ನೋಡ್ಬೇಕಪಾ. ವೈರಸ್ ಯಾಕ?"

"ಈ ವಾಡೇದಂಥಾ ದೊಡ್ಡ ಮನ್ಯಾಗ ಒಬ್ಬಾಕಿ ತವರಿಗೆ ಹೋದ್ರ ಇನ್ನೊಬ್ಬಾಕಿ ರೊಟ್ಟಿ ಬಡೀತಾಳ. ಯಾರಿಗೂ ತಿಳಿಯೂದಿಲ್ಲ. ವೈರಸ್ಸಿಂದು ಎರಡ ಖೋಲಿ ಸಂಸಾರ. ಇರೂ ಮಂದೀನ ಕಡಿಮಿ. ಒಬ್ಬಾಕಿ ಇಲ್ಲಂದ್ರ ಆ ದಿನ ರೊಟ್ಟೀನ ಇಲ್ಲ."

ಒಳಗಿನಿಂದ ವೈನಿಯ ದನಿ ಬಂತು. "ಹೋದ ಸಲ ನಾ ಡಂಬಳಕ್ಕ ಹೋದಾಗ ಗೊತ್ತಾಗೇತಲ್ಲ ನಿಮಗ. ಚುರಮರಿ ತಿಂದು ಕುಂತಿದ್ರಿ."

ಸರ್ ನಕ್ಕರು. ಅವರು ನಕ್ಕರೆ ದನಿ ಬರುತ್ತಿರಲಿಲ್ಲ, ಹೆಗಲಷ್ಟೇ ಅಲುಗುತ್ತಿತ್ತು.

ಅವರ ಊರು ಶಿರಹಟ್ಟಿ. ಮನೆಗೆ ಹಿರಿಯ ಮಗ. ಮುಂಬೈಯಲ್ಲಿ ಪಿಎಚ್‌ಡಿಗೆ ಕೆಲಸ ಮಾಡುತ್ತಿದ್ದಾಗ ಅವರ ಕೈಗೆ ಒಂದು ಕೆಟ್ಟ ವೈರಸ್ ಸಿಕ್ಕಿತು. ಕೆಟ್ಟದ್ದು ಎಂದರೆ, ಅದರಲ್ಲಿ ಡಿಎನ್‌ಎ ತುಂಡುಗಳನ್ನು ಕೂಡಿಸುವ ಎಂಜೈಮು ಊನವಾಗಿತ್ತು. ತಂಪಿನಲ್ಲಿ ಹೇಗೋ ಕುಂಟುತ್ತ ಕೆಲಸ ಮಾಡುತ್ತಿತ್ತು, ಬಿಸಿ ಏರಿದರೆ ಕೈ ಕಟ್ಟಿ ಕೂತುಬಿಡುತ್ತಿತ್ತು. ಬಿಸಿಗೆ ಕೆಲಸ ಬಿಡುವ ಎಂಜೈಮುಗಳು ಬೇರೆಯವರ ಹತ್ತಿರವೂ ಇದ್ದವು. ಇದರ ವಿಶೇಷವೆಂದರೆ, ತಂಪು ಮಾಡಿದೊಡನೆ ಅದೇ ಎಂಜೈಮು ಎದ್ದು ಮತ್ತೆ ಕೆಲಸಕ್ಕೆ ಹತ್ತುತ್ತಿತ್ತು. ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ ಮಲಗಿ, ಸಂಜೆ ಮತ್ತೆ ಬಾಗಿಲು ತೆಗೆಯುವ ನಮ್ಮ ಪೇಟೆಯ ವ್ಯಾಪಾರಿಯ ಹಾಗೆ. ಹೀಗೆ ಬೇಕೆಂದಾಗ ನಿಲ್ಲಿಸಿ ಬೇಕೆಂದಾಗ ನಡೆಸಬಹುದಾದರೆ, ಆ ಕೂಡಿಸುವ ಕೆಲಸವನ್ನು ಹಂತಹಂತವಾಗಿ ನೋಡಬಹುದು. ಇಂಥದ್ದು ಬೇರೆ ಯಾರ ಹತ್ತಿರವೂ ಇಲ್ಲ ಎಂದು ಅವರ ಗೈಡು ಬೆನ್ನು ತಟ್ಟಿದ್ದರಂತೆ.

ಅಷ್ಟರಲ್ಲಿ ಶಿರಹಟ್ಟಿಯಲ್ಲಿ ಅವರ ತಂದೆಗೆ ಲಕ್ವಾ ಹೊಡೆಯಿತು. ಇಬ್ಬರು ತಂಗಿಯರ ಮದುವೆಯಾಗಬೇಕಿತ್ತು. ಓದು ಅರ್ಧಕ್ಕೆ ಬಿಟ್ಟು ಬಂದು ಗದಗಿನ ಕಾಲೇಜು ಸೇರಿದರು. ಬರುವಾಗ ಆ ವೈರಸ್ಸಿನ ಒಂದು ಸಣ್ಣ ಕೊಳವೆಯನ್ನು ಒದ್ದೆ ಅರಿವೆಯಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿಟ್ಟು ತಂದರು. ವರ್ಷದಲ್ಲಿ ತಿರುಗಿ ಬರುತ್ತೇನೆಂದು ಗೈಡಿಗೆ ಹೇಳಿ ಬಂದಿದ್ದರು. ವರ್ಷವೇನು, ತಂದೆ ಹಾಸಿಗೆಯಲ್ಲೇ ಬಹಳ ಕಾಲ ಬದುಕಿದರು.

ಕಾಲೇಜಿನ ಫ್ರಿಜ್ಜು ನಂಬುವಂಥದ್ದಲ್ಲ. ಕರೆಂಟಂತೂ ಕೇಳುವುದೇ ಬೇಡ. ಹೀಗಾಗಿ ವರ್ಷಕ್ಕೊಮ್ಮೆ ವೈರಸ್ಸನ್ನು ಹೊಸದಾಗಿ ಬೆಳೆಸಿ ಹೊಸ ಕೊಳವೆ ತುಂಬುತ್ತಿದ್ದರು. ಇದಕ್ಕೆ ಅವರು ಇಟ್ಟ ಹೆಸರು ಬೆಳಿ ತೆಗೆಯುವುದು. ದೀಪಾವಳಿ ಕಳೆದು ಥಂಡಿ ಬಿದ್ದ ಮೇಲೆಯೇ ಅದು. ಬಿಸಿಲಿನಲ್ಲಿ ಬೆಳೆಯುವ ವೈರಸ್ಸೇ ಅಲ್ಲವಲ್ಲ. ಬ್ಯಾಕ್ಟೀರಿಯಾಕ್ಕೆ ಹಾಕುವ ಪುಡಿ ಹುಬ್ಬಳ್ಳಿಯಲ್ಲೂ ಸಿಗದಿದ್ದಾಗ ವೈನಿಯ ಹೆಸರುಬೇಳೆಯ ಕಟ್ಟೇ ಆಹಾರ. ಅದಕ್ಕೆ ಪೇಟೆಯ ಚೈನಾ ಗ್ರಾಸ್ ಹಾಕಿ ಕಾಸಿ, ಗಾಜಿನ ತಟ್ಟೆಯಲ್ಲಿ ಹೊಯ್ದರೆ ಹಲ್ವದಂತೆ ಹೆಪ್ಪುಗಟ್ಟುತ್ತಿತ್ತು. ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆದು ಮಂಜಿನ ಪದರು ಕಟ್ಟಿದರೆ, ವೈರಸ್ ಇದ್ದಲ್ಲಿ ಪದರು ತೂತು ಬೀಳುತ್ತಿತ್ತು. ಸೂಜಿ ಚುಚ್ಚಿದಂಥ ಸಣ್ಣ ತೂತುಗಳು. ಆ ತೂತಿನಿಂದ ತೆಗೆದದ್ದೇ ಮುಂದಿನ ವರ್ಷದ ಬೀಜ.

ವೈನಿ ಅಡುಗೆಗೆ ಕಟ್ಟು ಬಸಿಯುವಾಗ, "ಇದು ನಮಗ, ಇದು ನಿಮ್ಮ ಮಂದಿಗೆ" ಎಂದು ಒಂದು ಪಾಲು ತೆಗೆದಿಡುತ್ತಿದ್ದರು. ಮಕ್ಕಳಿಲ್ಲದ ಮನೆ. ನೀರಿನ ಹರವಿಯ ಮಗ್ಗುಲಲ್ಲಿ, ತಂಪಿರುವ ಜಾಗದಲ್ಲಿ, ಆ ತಟ್ಟೆಗಳು ಇರುತ್ತಿದ್ದವು. ಹೊಲಸು ಹುಳವನ್ನು ನೀರಿನ ಹತ್ತಿರ ಇಡುತ್ತಾರೆಂದು ವಾಡೆಯ ಹೆಂಗಸರು ಮೂಗು ಮುರಿದರು. ವೈನಿ ಕಿವಿಗೇ ಹಾಕಿಕೊಳ್ಳಲಿಲ್ಲ.

ಹುಡುಗರಿಗೆ ಕಲಿಸುವಾಗ ಮಾತ್ರ ಅವರು ತಮ್ಮ ಕೊಳವೆಯನ್ನು ಮುಟ್ಟುತ್ತಿರಲಿಲ್ಲ. ಅದಕ್ಕೆ ಗಟಾರದ ವೈರಸ್ಸೇ ಸಾಕು. ಬೆಟಗೇರಿಯಲ್ಲಿ ನೂಲಿಗೆ ಬಣ್ಣ ಹಾಕುವ ಇಮಾಮಸಾಬರ ಮನೆಯ ಹಿಂದಿನ ಗಟಾರ ಒಂದು ದಿನ ಕೆಂಪು, ಒಂದು ದಿನ ನೀಲಿ ಹರಿಯುತ್ತಿತ್ತು. ಸರ್ ಅಲ್ಲಿ ಬಗ್ಗಿ ಬಾಟಲಿ ತುಂಬುತ್ತಿರುವುದನ್ನು ನೋಡಿ, ಮುನ್ಸಿಪಾಲಿಟಿಯವರು ಸ್ಯಾಂಪಲ್ಲು ತೆಗೆಯುತ್ತಿದ್ದಾರೆಂದು ಇಮಾಮಸಾಬರು ಗಾಬರಿಯಾಗಿ ಓಡಿ ಬಂದರು.

"ಸಾಹೇಬ್ರ, ಬಣ್ಣದ ನೀರ ನಾಳೆಯಿಂದ ಬ್ಯಾರೆ ಕಡೆ ಬಿಡತೀನ್ರಿ. ಕೇಸ ಮಾತ್ರ ಹಾಕಬ್ಯಾಡ್ರಿ."

"ನನಗ ಬಣ್ಣ ಬ್ಯಾಡ್ರಿ ಸಾಬ್ರ. ಇದರಾಗಿನ ಹುಳಾ ಬೇಕು."

"ಹುಳಾ? ಕಾಲೇಜಿನ್ಯಾಗ ಹುಳಾ ಇಲ್ಲೇನ್ರಿ?"

"ಅಲ್ಲೆ ಇರೂವು ಪಗಾರದವು. ಇವು ಪುಕಟ ಕೆಲಸ ಮಾಡತಾವು."

ಇಮಾಮಸಾಬರು ಒಂದು ಗಳಿಗೆ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಬಾಟಲಿ ತುಂಬಿಸಿ ತಾವೇ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು.

ಹೀಗೆ ಬರೆದರೆ ಅವರ ದಿನಗಳು ನಗುನಗುತ್ತ ಹೋದವು ಅನ್ನಿಸಬಹುದು. ಹಾಗೇನೂ ಇರಲಿಲ್ಲ. ಪ್ರತಿ ವರ್ಷ ಸಂಶೋಧನೆಗೆ ರಜೆ ಕೇಳುವುದು, ಪ್ರತಿ ವರ್ಷ ಮುಂದಿನ ವರ್ಷ ನೋಡೋಣ ಎಂಬ ಉತ್ತರ. ಒಮ್ಮೆ ಬದಲಿ ಮಾಸ್ತರಿಲ್ಲ, ಒಮ್ಮೆ ಪರೀಕ್ಷೆ ಹತ್ತಿರ, ಒಮ್ಮೆ ಪ್ರಾಚಾರ್ಯರ ಮೂಡೇ ಸರಿಯಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಜಗಳ ತೆಗೆಯಿರಿ ಎಂದರೆ, ಅವರದು ಅದೇ "ನೋಡೂಣು ತಗೋರಿ". ಈ ನಡುವೆ ಮುಂಬೈಯ ಗೈಡು ಪರದೇಶಕ್ಕೆ ಹೋದರು. ಅವರ ಪ್ರಯೋಗಶಾಲೆ ಬೇರೆಯವರ ಪಾಲಾಗಿ, ಹಳೆಯ ಕೊಳವೆಗಳನ್ನೆಲ್ಲ ಚೆಲ್ಲಿದರು ಎಂಬ ಖಬರು ಬಂತು. ಅಂದರೆ ಆ ಕುಂಟು ವೈರಸ್ ಜಗತ್ತಿನಲ್ಲಿ ಉಳಿದದ್ದು ಬೆಟಗೇರಿಯಲ್ಲಿ ಮಾತ್ರ. ಅದನ್ನು ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯೂ ಇತ್ತು, ಅಂಜಿಕೆಯೂ ಇತ್ತು.

ಎಂಬತ್ತರ ದಶಕ ಶುರುವಾದ ಮೇಲೆ, ತಂದೆ ತೀರಿಕೊಂಡು ತಂಗಿಯರ ಮದುವೆ ಮುಗಿದ ಮೇಲೆ, ಒಂದು ವರ್ಷ ಹೇಗೋ ರಜೆ ಮಂಜೂರಾಯಿತು. ಜೂನ್‌ನಲ್ಲಿ ಹೊರಡಬೇಕು. ಗೈಡಿನ ಜಾಗಕ್ಕೆ ಬಂದಿದ್ದ ಹೊಸಬರು, ಆ ವೈರಸ್ ಜೀವಂತ ತಂದರೆ ಒಂದು ಮೇಜು ಕೊಡುತ್ತೇನೆ ಎಂದಿದ್ದರಂತೆ. ವೈನಿ ಹಾಸಿಗೆ ಅರಿವೆಯೆಲ್ಲ ಒಗೆದು ಸೂಟ್‌ಕೇಸಿಗೆ ಹಾಕಲು ಶುರು ಮಾಡಿದರು. ಓಣಿಯಲ್ಲಿ ಕಂಡಕಂಡವರಿಗೆ, "ನಮ್ಮವರು ಮುಂಬೈಕ ಹೊಂಟಾರ್ರಿ, ಅರ್ಧಾ ಉಳದ ಓದು ಮುಗಸಾಕ" ಎಂದು ಹೇಳಿ ಬಂದರು. ಸರ್ ಕೂಡ ಆ ದಿನಗಳಲ್ಲಿ ಬೆನ್ನು ನೆಟ್ಟಗೆ ಮಾಡಿ ನಡೆದದ್ದನ್ನು ನಾನು ನೋಡಿದ್ದೇನೆ.

ಯುಗಾದಿ ಹೊತ್ತಿಗೆ ಅವರು ಪರೀಕ್ಷೆಯ ಕೆಲಸಕ್ಕೆಂದು ಮುಂಡರಗಿಗೆ ಹೋದರು. ಬರುವಾಗ ಕಣ್ಣು ಹಳದಿಯಾಗಿತ್ತು. ಕಾಮಾಲೆ. ಗದಗಿನ ದವಾಖಾನೆಯಲ್ಲಿ ಮಲಗಿಸಿದೆವು. ಅದೇ ವಾರ ಕಾಲೇಜಿನ ಫ್ರಿಜ್ಜು ಕೆಟ್ಟಿತು. ರಜೆ ಶುರುವಾಗಿ ಕಾಲೇಜು ಖಾಲಿ, ರಿಪೇರಿ ಯಾರು ಮಾಡಿಸಬೇಕು? ಆ ಬಿಸಿಲಿನಲ್ಲಿ ಕೊಳವೆಯನ್ನು ನಾನೇ ಮನೆಗೆ ತಂದು ಹರವಿಯ ಮಗ್ಗುಲಲ್ಲಿಟ್ಟು, ಸುದ್ದಿ ಹೇಳಲು ದವಾಖಾನೆಗೆ ಹೋದೆ. ವೈನಿ ಗಂಜಿ ಕುಡಿಸುತ್ತಿದ್ದರು.

ಕೇಳಿ ಸರ್ ಕಣ್ಣು ಮುಚ್ಚಿಕೊಂಡರು. "ಹಳೇ ಕೊಳವಿ ಈ ಬಿಸಲಾಗ ನಾ ಏಳೂತನಾ ತಡಿಯೂದಿಲ್ಲ. ಈಗ ಬೆಳಿ ತಗೀಬೇಕು. ಥಂಡೀನೂ ಇಲ್ಲ, ನಾನೂ ಇಲ್ಲ."

"ನಾ ತಗೀತೀನಿ" ಎಂದರು ವೈನಿ. "ಇಷ್ಟ ವರ್ಷ ಕಣ್ಣಿಂದ ನೋಡೇನಿ. ತಟ್ಟಿಗೆ ಒದ್ದಿ ಅರಿವಿ ಸುತ್ತಿ ಹರವಿ ಹಿಂದ ಇಡತೀನಿ. ನೀವ ಗಂಜಿ ಕುಡೀರಿ ಸುಮ್ಮನ."

ಅವರು ಹೇಗೆ ಮಾಡಬೇಕೆಂದು ಒಂದೊಂದೇ ಹೇಳಿದರು. ಕಟ್ಟು ಎಷ್ಟು ಹೊತ್ತು ಕಾಸಬೇಕು, ಕೈ ಹೇಗೆ ತೊಳೆಯಬೇಕು, ತೂತಿನಿಂದ ಹೇಗೆ ತೆಗೆಯಬೇಕು. ಕೊಳವೆಗಳು ಇರುವುದೇ ಕೆಲವು, ಹೊಸ ಬೆಳೆ ಬಂದ ಮೇಲೆ ಹಳೆಯದನ್ನು ಕುದಿಸಿ ತೊಳೆದಿಡು ಎಂದೂ ಅವರೇ ಹೇಳಿದರು. ವೈನಿ ಎಲ್ಲವನ್ನೂ ಹೇಳಿದ ಹಾಗೇ ಮಾಡಿದರು. ಮೂರನೆಯ ದಿನವೋ ನಾಲ್ಕನೆಯ ದಿನವೋ ದವಾಖಾನೆಗೆ ಬಂದು, "ಬೆಳಿ ಛಲೋ ಬಂದೈತ್ರಿ" ಎಂದಾಗ ಸರ್ ಅವರ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ನಾನು ಎದ್ದು ವರಾಂಡಕ್ಕೆ ಹೋದೆ.

ಮನೆಗೆ ಬಂದ ಮೇಲೆ, ಮೇ ಕೊನೆಗೆ, ಹೊರಡುವ ಮುಂಚೆ ಒಂದು ಪರೀಕ್ಷೆ ಮಾಡಿದರು. ಅವರ ಹತ್ತಿರ ಬಿಸಿಯ ಪೆಟ್ಟಿಗೆ ಎಲ್ಲಿಂದ ಬರಬೇಕು? ವಾಡೆಯ ತಗಡಿನ ಕೆಳಗಿನ ಅಟ್ಟವೇ ಅವರ ಬಿಸಿಯ ಪೆಟ್ಟಿಗೆ, ಹರವಿಯ ಮಗ್ಗುಲೇ ತಂಪಿನ ಪೆಟ್ಟಿಗೆ. ಬೆಳಿಗ್ಗೆ ಒಂದು ತಟ್ಟೆಯನ್ನು ಮೇಲೆ ಇಟ್ಟು, ಇನ್ನೊಂದನ್ನು ಕೆಳಗೆ ಇಟ್ಟು, ಸಂಜೆ ತೆಗೆದು ನೋಡುವುದು. ಕೆಳಗಿನದರಲ್ಲಿ ತೂತಿರಬೇಕು, ಮೇಲಿನದರಲ್ಲಿ ಒಂದೂ ಇರಬಾರದು. ಆ ಸಂಜೆ ಅಟ್ಟದಿಂದ ಇಳಿದು ಬಂದವರು ನನ್ನ ಕಿಡಕಿಗೆ ಬಂದು, "ಬರ್ರಿ, ಒಂದ ಸುತ್ತು ಹೋಗಿ ಬರೂಣು" ಎಂದರು.

ರೈಲ್ವೆ ಸ್ಟೇಷನ್ನಿನ ತನಕ ನಡೆದೆವು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಹೇಳಿದರು.

"ಮ್ಯಾಲಿನ ತಟ್ಟಿ ತುಂಬ ತೂತ ಬಿದ್ದಾವ್ರಿ. ಕೆಳಗಿನದಕ್ಕಿಂತ ದೊಡ್ಡೂವು."

"ಅಂದ್ರ?"

"ಅಂದ್ರ ಅದು ನೆಟ್ಟಗಾಗೇತಿ. ಬಿಸಲಿಗೆ ಅಂಜೂದಿಲ್ಲ. ಗಟಾರದಾಗಿನ ವೈರಸ್ಸಿಗೂ ಇದಕ್ಕೂ ಇನ್ನ ಫರಕ ಇಲ್ಲ."

ಹೇಗಾಯಿತೆಂದು ಅವರೇ ಬಿಡಿಸಿ ಹೇಳಿದರು. ಲಕ್ಷಾಂತರ ಕುಂಟು ವೈರಸ್ಸಿನ ನಡುವೆ ಒಂದೋ ಎರಡೋ ತಾವಾಗಿಯೇ ನೆಟ್ಟಗಾಗುತ್ತವೆ. ಥಂಡಿಯಲ್ಲಿ ಅವು ಕಣ್ಣಿಗೆ ಬೀಳುವುದೇ ಇಲ್ಲ. ಬಿಸಿಲಿನಲ್ಲಿ ಉಳಿದವು ಸೊರಗಿ, ಅವು ಮಾತ್ರ ಕೊಬ್ಬುತ್ತವೆ, ದೊಡ್ಡ ತೂತು ಮಾಡುತ್ತವೆ. ಬೀಜಕ್ಕೆ ತೆಗೆಯಬೇಕಾದದ್ದು ಸಣ್ಣ ತೂತಿನಿಂದ. ವೈನಿ ದೊಡ್ಡದರಿಂದ ತೆಗೆದಿದ್ದರು.

"ಕೇಳಿದೆ ಆಕೀನ್ನ, ಯಾವ ತೂತಿಂದ ತಗದಿ ಅಂತ. ಬೀಜಕ್ಕ ತಗಿಯೂದು ಛಲೋ ತೆನೀನ ಅಲ್ಲೇನ್ರಿ, ಎಲ್ಲಾಕ್ಕಿಂತಾ ದೊಡ್ಡೂವನ್ನ ನೋಡಿ ನೋಡಿ ತಗದೇನಿ ಅಂದ್ಲು. ಡಂಬಳದಾಗ ಅವರಪ್ಪ ಜ್ವಾಳದ ರಾಶಿ ಮಾಡೂ ಮುಂದ ಹಂಗ ಆರಸ್ತಿದ್ದ. ದೊಡ್ಡ ತೆನಿ, ತುಂಬಿದ ತೆನಿ. ಹೊಲದಾಗ ಅದು ಖರೆ ಐತಿ. ಸಣ್ಣೂವನ್ನ ತಗಿ ಅಂತ ನಾ ಹೇಳಲೇ ಇಲ್ಲ. ಯಾರರ ದೊಡ್ಡೂವನ್ನ ಆರಿಸಿ ತಗೀತಾರ ಅಂತ ನನಗ ಹೊಳೀಲೇ ಇಲ್ಲ."

ಹಳೆಯದನ್ನು ಮತ್ತೆ ಪಡೆಯಲು ಏನಾದರೂ ಹಾದಿ ಇದೆಯೇ ಎಂದು ಕೇಳಿದೆ. ಇಲ್ಲ ಎಂದರು. ಹಳೆಯ ಕೊಳವೆಯನ್ನು ಕುದಿಸಿ ತೊಳೆದಾಗಿತ್ತು. ಹೊಸದರಲ್ಲಿ ಹುಡುಕಿದರೂ ಕುಂಟು ಸಿಗುವುದಿಲ್ಲ ಎಂದರು, ಆದರೂ ಮುಂದಿನ ಒಂದು ವಾರ ಹುಡುಕಿದರು.

"ವೈನಿಗೆ ಹೇಳಿದ್ರೇನು?"

"ಹೇಳೂದಿಲ್ಲ. ನೀವೂ ಹೇಳಬ್ಯಾಡ್ರಿ. ಆಕಿ ತಪ್ಪೇನೈತಿ ಅದರಾಗ? ಹೇಳಿದ್ರ ಸಾಯೂತನಾ ಹೊತಗೊಂಡ ತಿರಗತಾಳ."

ರಜೆಯನ್ನು ವಾಪಸು ಕೊಟ್ಟರು. ಕಾಮಾಲೆ ಆದ ಮೈ, ಮುಂಬೈ ಹವಾ ಒಗ್ಗುವುದಿಲ್ಲ, ನಮ್ಮ ಊರೇ ನಮಗೆ ಛಲೋ ಎಂದು ಎಲ್ಲರಿಗೂ ಹೇಳಿದರು. ಪ್ರಾಚಾರ್ಯರು ತ್ಯಾಗ ಎಂದು ಭಾಷಣದಲ್ಲಿ ಹೇಳಿದ್ದು ಇದನ್ನೇ. ವೈನಿ ಸೂಟ್‌ಕೇಸಿನಿಂದ ಅರಿವೆಗಳನ್ನು ತೆಗೆದು ಮತ್ತೆ ಕಪಾಟಿಗೆ ಇಟ್ಟರು.

ಆಮೇಲೆಯೂ ಅವರು ವರ್ಷ ವರ್ಷ ಬೆಳೆ ತೆಗೆಯುವುದನ್ನು ಬಿಡಲಿಲ್ಲ. ಯಾಕೆಂದು ನಾನು ಒಮ್ಮೆ ಬೇಸರದಿಂದಲೇ ಕೇಳಿದೆ. "ಬಿಟ್ರ ಆಕಿ ಯಾಕ ಅಂತ ಕೇಳತಾಳ" ಎಂದರು. ಏನೂ ಉಪಯೋಗವಿಲ್ಲದ ಆ ಕೊಳವೆಯನ್ನು ಕಿಡಕಿಗೆ ಹಿಡಿದು ನೋಡುತ್ತಿದ್ದರು, ತಿಳಿಯಾಯಿತು ಎನ್ನುತ್ತಿದ್ದರು, ವೈನಿ ಹೌದೇನ್ರಿ ಎನ್ನುತ್ತಿದ್ದರು. ಗೋಡೆಯ ಈಚೆ ಕೂತು ಇದನ್ನು ಕೇಳುವುದು ನನಗೆ ಸಾಕಾಗಿ ಹೋಗಿತ್ತು. ಕೊನೆಗೆ ಅವರ ಹೃದಯ ಕೈಕೊಟ್ಟಿತು, ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲ ಇರುವಾಗಲೇ. ಲಕ್ಷ್ಮೇಶ್ವರದಲ್ಲಿ ತಂಗಿಯ ಮನೆಯಲ್ಲಿ ಊಟ ಮಾಡಿ ಮಲಗಿದವರು ಏಳಲಿಲ್ಲ.

ಬಂದ ಬೀಗರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ವೈನಿ ಕಿಡಕಿಯಿಂದ ಕರೆದರು. ಹೋದೆ. ಹರವಿಯ ಹಿಂದಿನಿಂದ ಆ ಕೊಳವೆ ತೆಗೆದು ನೆಲದ ಮೇಲೆ ಇಟ್ಟುಕೊಂಡು ಕೂತಿದ್ದರು.

"ಇದಕ್ಕ ಏನ್ ಮಾಡೂಣ್ರಿ ಮಾಸ್ತರ?"

"ಇರ್ಲಿ ಬಿಡ್ರಿ ವೈನಿ. ಮುಂಬೈದವರಿಗೆ ಕಳಸಬೇಕಂದ್ರ..." ಎಂದು ನಾನು ಏನೋ ಸುಳ್ಳು ಹೊಂದಿಸಲು ಹೋದೆ.

"ಯಾಕ ಕಳಸ್ತೀರಿ? ಸತ್ತ ಹೋಗೇತಲ್ಲ ಅದು. ಇದು ಬ್ಯಾರೇದು."

ವೈನಿ ನನ್ನ ಮುಖ ನೋಡಲಿಲ್ಲ.

"ಕಾಮಾಲಿ ಆದ ಮುಂದಿನ ವರ್ಷನ ತಿಳೀತ್ರಿ ನನಗ. ಯುಗಾದಿ ಮುಗದಿತ್ತು. ಒಂದ ಪಾಲ ಕಟ್ಟ ತಗದಿಡು, ಬೆಳಿ ತಗೀಬೇಕು ಅಂದ್ರು. ಆ ಬಿಸಲಾಗ. ಇಷ್ಟ ವರ್ಷ ಥಂಡಿ ಯಾವಾಗ ಬಿದ್ದೀತು ಅಂತ ಕಾಯೂ ಮನಷ್ಯಾರು. ತಟ್ಟಿ ಹರವಿ ಹಿಂದೂ ಇಡಲಿಲ್ಲ, ಒಲಿ ಮ್ಯಾಲಿನ ಗೂಡಿನ್ಯಾಗ ಇಟ್ರು. ಮರತ ಇಟ್ಟಾರೇನೋ ಅಂತ ನಾ ತಗದ ತಂಪಿನ್ಯಾಗ ಇಡಾಕ ಹ್ವಾದೆ. ನೋಡ್ತೀನಿ, ತಟ್ಟಿ ತುಂಬ ತೂತು. ಹೋದ ವರ್ಷ ನನ್ನ ಕೈಯಾಗ ಬಂದೂವಲ್ಲ, ಅಂಥಾವ. ಆಗ ಗೊತ್ತಾತು, ನಾನ ಕೆಡಿಸೇನಿ ಅಂತ."

"ಕೇಳಬೇಕಿತ್ತಲ್ರಿ ಅವರನ್ನ."

"ಹ್ಯಾಂಗ ಕೇಳ್ಲಿ? ನನಗ ಗೊತ್ತಾಗಬಾರದಂತನ ಅದನ್ನ ಸಾಕಾಕ ಹತ್ತಿದ್ರು. ಕೇಳಿದ್ರ ಅದೊಂದ ಸಮಾಧಾನಾನೂ ಅವರಿಗೆ ಉಳೀತಿರಲಿಲ್ಲ. ನಾನೂ ಪ್ರತಿ ವರ್ಷ ಕಟ್ಟ ತಗದಿಟ್ಟೆ." ಸೆರಗಿನಿಂದ ಕೊಳವೆಯ ಮೇಲಿನ ಧೂಳು ಒರೆಸಿದರು. "ಸಿಟ್ಟ ಬರತೈತ್ರಿ ಅವರ ಮ್ಯಾಲ, ಈಗೂ ಬರತೈತಿ. ಅವತ್ತ ಒಮ್ಮೆ ಬೈದು ಬಿಡಬೇಕಿತ್ತು. ಬೈದಿದ್ರ ನಾ ಅಳತಿದ್ದೆ. ಎರಡ ದಿನ ಮಾತ ಬಿಡತಿದ್ದೆ. ಆಮೇಲ, ಹೋಗ್ರಿ ಮುಂಬೈಕ, ಬ್ಯಾರೇದ ಯಾವದರ ಹಿಡಕೊಂಡ ಓದ ಮುಗಸ್ರಿ ಅಂತ ನಾನ ದಬ್ಬಿ ಕಳಸತಿದ್ದೆ. ಅಲ್ಲೆ ಬ್ಯಾರೇದ ಸಿಗತಿರಲಿಲ್ಲೇನ್ರಿ?"

ಸಿಗುತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಅದನ್ನು ಅಂದು ಆ ಬೆಂಚಿನ ಮೇಲೆ ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಈಗ ಯಾರನ್ನು ಕೇಳಬೇಕು?

ಹೀಗೇ ಚೆಲ್ಲಬಾರದು, ಕುದಿಸಿಯೇ ಚೆಲ್ಲಬೇಕು ಎಂಬುದು ಸರ್ ಹಾಕಿಕೊಟ್ಟ ನಿಯಮ. ವೈನಿ ಸ್ಟೋ ಹಚ್ಚಿ, ಕಟ್ಟು ಕಾಸುತ್ತಿದ್ದ ಅದೇ ಪಾತೇಲಿಯಲ್ಲಿ ನೀರಿಟ್ಟರು. "ಹಾಕೂದ ನನ್ನ ಕೈಲೆ ಆಗೂದಿಲ್ಲ, ನೀವ ಹಾಕ್ರಿ" ಎಂದರು. ಹಾಕಿದೆ. ಕೊಳವೆ ಪಾತೇಲಿಯ ತಳಕ್ಕೆ ಬಡಿಯುತ್ತ ಕುದಿಯತೊಡಗಿತು. ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಹೊರಗೆ ಮಗ್ಗ ನಡೆದಿತ್ತು. ಸಾಕಷ್ಟು ಹೊತ್ತಾಯಿತು ಅನ್ನಿಸಿ ಸ್ಟೋ ಬಂದ್ ಮಾಡಲು ನಾನು ಕೈ ಚಾಚಿದೆ.

"ಇರ್ರಿ, ಇನ್ನೊಂದ ಸ್ವಲ್ಪ ಕುದೀಲಿ" ಎಂದರು ವೈನಿ. "ಬಿಸಿಗೆ ಜಲ್ದಿ ಸಾಯೂದಲ್ಲ ಅದು. ನಾ ಆರಿಸಿ ತಗದಿದ್ದು."